ಆರು ನಿಮಿಷ ದೂರದ ಕೋಲಾಟ

ಕಸ್ತೂರಿ ಹಡಪದ ಮಂಗಳಗ್ರಹದ ನೌಕೆ ಹತ್ತಿದ ಮೂರನೆಯ ದಿನವೇ ಕೋಲಾಟ ತಪ್ಪತೊಡಗಿತು.

ಅವರು ಮೂವರು ಗೆಳತಿಯರು. ಧಾರವಾಡದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ನೀಲಗಂಗಾ ಈಗ ಬೆಟಗೇರಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಖುರ್ಷಿದಾ ಹಿರಿಯೂರಿನಾಚೆಯ ಬಯಲಿನಲ್ಲಿ, ದೊಡ್ಡ ದೊಡ್ಡ ಅಂಟೆನಾಗಳನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದ ಸಂಪರ್ಕ ಕೇಂದ್ರದಲ್ಲಿ ಎಂಜಿನಿಯರಾಗಿದ್ದಳು. ಮುಂಡರಗಿಯ ಕಸ್ತೂರಿ ಮಣ್ಣಿಲ್ಲದೆ ಸೊಪ್ಪು ಬೆಳೆಯುವ ವಿದ್ಯೆಯಲ್ಲಿ ಹೆಸರು ಮಾಡಿ, ಕೊನೆಗೆ ಆರು ಜನರ ತಂಡದಲ್ಲಿ ಒಬ್ಬಳಾಗಿ ಮಂಗಳಕ್ಕೆ ಹೊರಟಳು. ನೌಕೆಯ ಪುಟ್ಟ ತೋಟ ಅವಳ ಜವಾಬ್ದಾರಿ.

ಊರು ಬೇರೆಯಾದರೂ ಮೂವರೂ ಭಾನುವಾರಗಳನ್ನು ಬಿಟ್ಟವರಲ್ಲ. ಹಾಸ್ಟೆಲಿನ ಮೇಲ್ಮಾಳಿಗೆಯಲ್ಲಿ ಕಾಲೇಜಿನ ಹಬ್ಬಕ್ಕೆಂದು ಕೋಲಾಟ ಕಲಿತಿದ್ದರಲ್ಲ, ಅದೇ ಮಾಳಿಗೆಯನ್ನು ಅವರು ಕೂಡಿ ಕಟ್ಟಿಕೊಂಡಿದ್ದರು. ಇಟ್ಟಿಗೆಯಿಂದಲ್ಲ. ಕಣ್ಣಿಗೆ ಕನ್ನಡಕ, ಕೈಗೆ ತೆಳ್ಳನೆಯ ಗವಸು ಹಾಕಿಕೊಂಡರೆ ತೆರೆದುಕೊಳ್ಳುವ ಮಾಯಾಲೋಕದಲ್ಲಿ. ಆಗೆಲ್ಲ ಮನೆಮನೆಯಲ್ಲೂ ಇಂಥ ಲೋಕಗಳಿದ್ದವು. ಕೆಲವರು ಅಲ್ಲಿ ಅಂಗಡಿ ಇಡುತ್ತಿದ್ದರು, ಕೆಲವರು ಮದುವೆ ಮಾಡುತ್ತಿದ್ದರು. ಇವರದು ಬರೀ ಒಂದು ಮಾಳಿಗೆ. ಹೆಸರೂ ‘ಮಾಳಗಿ’ ಎಂದೇ. ಮೂಲೆಯ ನೀರಿನ ಟಾಕಿ, ಬಟ್ಟೆ ಒಣಹಾಕುವ ತಂತಿ, ಅಂಚಿಗೆ ಬಾಗಿದ ಬೇವಿನ ಟೊಂಗೆ ಎಲ್ಲವನ್ನೂ ನೆನಪಿನಿಂದ ತೆಗೆದು ಒಬ್ಬೊಬ್ಬರು ಒಂದೊಂದನ್ನು ಮಾಡಿ ತಂದಿಟ್ಟಿದ್ದರು. ಟಾಕಿಯ ಬಣ್ಣ ಹಸಿರೋ ನೀಲಿಯೋ ಎಂದು ಒಂದು ತಿಂಗಳು ಜಗಳವಾಡಿ, ಕೊನೆಗೆ ಅರ್ಧ ಹಸಿರು ಅರ್ಧ ನೀಲಿ ಬಳಿದಿದ್ದರು.

ಅಲ್ಲಿ ಕೋಲಾಟ ಆಡುವುದೆಂದರೆ ಮೂವರಿಗೂ ಪ್ರಾಣ. ಗವಸಿನೊಳಗಿನ ಎಳೆಗಳು ಬಿಗಿದು ಸಡಿಲಾಗಿ ಕೋಲಿಗೆ ಕೋಲು ತಾಗಿದ ಪೆಟ್ಟನ್ನು ಅಂಗೈಗೆ ಮುಟ್ಟಿಸುತ್ತಿದ್ದವು. ಬೆಟಗೇರಿಯಲ್ಲಿ ನೀಲಗಂಗಾ ಬೀಸಿದ ಕೋಲಿನ ಅದುರು ಹಿರಿಯೂರಿನ ಖುರ್ಷಿದಾಳ ಮಣಿಕಟ್ಟಿನವರೆಗೆ ಹೋಗುತ್ತಿತ್ತು. ನಡುಮನೆಯಲ್ಲಿ ಸೊಸೆ ಬರೀ ಗಾಳಿಗೆ ಕೋಲು ಬೀಸುತ್ತ ಗಿರಕಿ ಹೊಡೆಯುವುದನ್ನು ನೋಡಿ ನೀಲಗಂಗಾಳ ಅತ್ತೆ ಸಂಗವ್ವ ಮೊದಮೊದಲು ಗಾಬರಿಯಾಗಿದ್ದಳು. ಆಮೇಲೆ ರೂಢಿಯಾಯಿತು. ಭಾನುವಾರ ಬಂತೆಂದರೆ ತಾನೇ ನೀರಿನ ಕೊಡ ಸರಿಸಿ, ಗಡಿಯಾರದ ಕೆಳಗಿನ ಸ್ಟೂಲು ತೆಗೆದು ಜಾಗ ಮಾಡಿಕೊಡುತ್ತಿದ್ದಳು. ಆಟ ಮುಗಿದ ಮೇಲೆ ಅವಳದೊಂದೇ ಪ್ರಶ್ನೆ: ಆ ಹುಡುಗಿಯರು ಉಂಡರೇನು?

ಬೆಳಕಿಗಿಂತ ವೇಗವಾಗಿ ಯಾವ ಸುದ್ದಿಯೂ ಹೋಗಲಾರದು. ಭೂಮಿಯ ಮೇಲೆ ಇದು ಯಾರ ಗಮನಕ್ಕೂ ಬಾರದ ಸಂಗತಿ. ನೌಕೆ ದೂರವಾದಂತೆ ಮಾತ್ರ ಅದು ಮಾಳಗಿಯೊಳಗೆ ಬಂದು ಕುಳಿತಿತು. ಮೊದಲು ಕಸ್ತೂರಿಯ ಕೋಲು ಒಂದು ಗಳಿಗೆ ತಡವಾಗಿ ಬಂತು. ವಾರ ಕಳೆಯುವುದರಲ್ಲಿ ನೀಲಗಂಗಾ ಬೀಸಿದ ಕೋಲು ಗಾಳಿಯನ್ನು ಸೀಳಿ ಹೋಗಿ, ಅವಳು ಸುತ್ತಿ ಬೇರೆ ಜಾಗಕ್ಕೆ ಬಂದ ಮೇಲೆ ಹಿಂದೆಲ್ಲೋ ಕಸ್ತೂರಿಯ ಕೋಲು ಬೀಳುತ್ತಿತ್ತು. ಮಾತೂ ಹಾಗೇ ಆಯಿತು. ಕೇಳಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ಕೇಳಿದ್ದೇ ಮರೆಯುತ್ತಿತ್ತು. ಮೂವರೂ ಮಾಳಗಿಯ ಮೇಲೆ ಸುಮ್ಮನೆ ಮುಖ ಮುಖ ನೋಡುತ್ತ ಕೂರುವ ಭಾನುವಾರಗಳು ಶುರುವಾದವು.

ಅದನ್ನು ತಡೆಯಲಾರದೆ ಖುರ್ಷಿದಾ ‘ಪೂರಕ’ವನ್ನು ಮಾಡಿದಳು. ಕೇಂದ್ರದಲ್ಲಿ ಅವಳ ಗುಂಪು ಆಗಲೇ ಅಂಥದೊಂದರ ಮೇಲೆ ಕೆಲಸ ಮಾಡುತ್ತಿತ್ತು. ಅವಳು ಹಟ ಹಿಡಿದು ಬೇಗ ಮುಗಿಸಿದಳು. ಮಾಳಗಿಯಲ್ಲಿ ವರ್ಷಗಟ್ಟಲೆ ಕೂಡಿಬಿದ್ದಿದ್ದ ಮಾತು, ನಗು, ಹೆಜ್ಜೆ, ಕೈಬೀಸು ಎಲ್ಲವನ್ನೂ ಪೂರಕ ಓದಿಕೊಂಡಿತು. ಈ ಮಾತಿಗೆ ಕಸ್ತೂರಿ ಏನೆಂದಾಳು, ಈ ತಾಳಕ್ಕೆ ಅವಳ ಕೋಲು ಎಲ್ಲಿಗೆ ಬಂದೀತು ಎಂದು ಮೊದಲೇ ಊಹಿಸಿ ಮಾಳಗಿಯ ಮೇಲೆ ಒಬ್ಬ ಬದಲಿ ಕಸ್ತೂರಿಯನ್ನು ನಿಲ್ಲಿಸಿತು. ಅತ್ತ ನೌಕೆಯಲ್ಲಿ ನಿಜವಾದ ಕಸ್ತೂರಿಯ ಎದುರಿಗೆ ಬದಲಿ ನೀಲಗಂಗಾ, ಬದಲಿ ಖುರ್ಷಿದಾ ಬಂದರು. ನಿಜದ ಮಾತು ತಡವಾಗಿ ಬಂದು ಮುಟ್ಟಿದಾಗ ಪೂರಕ ಎರಡನ್ನೂ ಹೋಲಿಸಿ, ವ್ಯತ್ಯಾಸವನ್ನು ಮುಂದಿನ ಮಾತಿನಲ್ಲಿ ನಾಜೂಕಾಗಿ ಸೇರಿಸಿಬಿಡುತ್ತಿತ್ತು.

ಇದೆಲ್ಲ ಮೂವರಿಗೂ ಗೊತ್ತಿತ್ತು. ಒಪ್ಪಿ ಸಹಿ ಹಾಕಿದ್ದರು. ಆದರೆ ಎರಡನೆಯ ಭಾನುವಾರದ ಹೊತ್ತಿಗೆ ಎಲ್ಲರೂ ಅದನ್ನು ಮರೆತರು. ಕೋಲಿಗೆ ಕೋಲು ಸರಿಯಾಗಿ ಬೀಳುತ್ತಿತ್ತು. ಕಸ್ತೂರಿ ಮೊದಲಿನಂತೆಯೇ ಕಾಲೆಳೆಯುತ್ತಿದ್ದಳು. ನೀಲಗಂಗಾ ಶಾಲೆಯ ಸುದ್ದಿ ಹೇಳಿ ಅವಳನ್ನು ನಗಿಸಿ, ಕನ್ನಡಕ ತೆಗೆದಿಟ್ಟು ರೊಟ್ಟಿ ಬಡಿಯಲು ಹೋಗುತ್ತಿದ್ದಳು. ನೌಕೆ ಆರು ಬೆಳಕಿನ ನಿಮಿಷಗಳಷ್ಟು ದೂರ ಹೋಗಿದೆ ಎಂಬುದು ಪತ್ರಿಕೆಯಲ್ಲಿ ಓದುವ ಸುದ್ದಿಯಾಯಿತೇ ಹೊರತು ಮನಸ್ಸಿಗೆ ತಟ್ಟುವ ವಿಷಯವಾಗಲಿಲ್ಲ.

ನಡುವೆ ಒಂದು ದಿನ ನೌಕೆಯ ತೋಟಕ್ಕೆ ಬೂಷ್ಟು ಹತ್ತಿದ ವರದಿ ಬಂತು. ಬೆಳೆದಿದ್ದ ಸೊಪ್ಪನ್ನೆಲ್ಲ ಕಿತ್ತು ಬಿಸಾಡಬೇಕಾಯಿತು. ಊಟಕ್ಕೆ ತೊಂದರೆಯಿಲ್ಲ, ಡಬ್ಬಿಯ ಆಹಾರ ಸಾಕಷ್ಟಿದೆ ಎಂದು ಕೇಂದ್ರ ತಿಳಿಸಿತು. ಆ ಭಾನುವಾರ ನೀಲಗಂಗಾ ಸ್ವಲ್ಪ ಅಳುಕಿನಿಂದಲೇ ಮಾಳಗಿಗೆ ಹೋದಳು. ಕಸ್ತೂರಿ ಟಾಕಿಗೆ ಒರಗಿ ನಿಂತು, ಬೂಷ್ಟಿಗೂ ಮಂಗಳ ನೋಡುವ ಆಸೆಯಾಗಿರಬೇಕು, ಟಿಕೀಟಿಲ್ಲದೆ ಹತ್ತಿಬಿಟ್ಟಿತ್ತು ಎಂದಳು. ಮೂವರೂ ನಕ್ಕರು. ಪರೀಕ್ಷೆಯ ಪೇಪರು ತಿದ್ದುವುದಿದ್ದುದರಿಂದ ನೀಲಗಂಗಾ ಬೇಗ ಎದ್ದಳು. ಆಮೇಲೆ ಅವಳ ಫೋನಿಗೆ ಪೂರಕದಿಂದ ಒಂದು ಸಾಲು ಬಂತು: ಕಸ್ತೂರಿ ಇವತ್ತು ಸ್ವಲ್ಪ ದಣಿದಿದ್ದಾಳೆ. ಅವಳು ಅದನ್ನು ಓದಿ ಪಕ್ಕಕ್ಕಿಟ್ಟಳು.

ಯುಗಾದಿಗೆ ಕಸ್ತೂರಿಯದೊಂದು ವೀಡಿಯೊ ಬಂತು. ನೌಕೆಯವರು ವಾರಕ್ಕೊಮ್ಮೆ ಮನೆಯವರಿಗೆ ಹೀಗೆ ಮಾತಾಡಿ ಕಳಿಸಬಹುದಿತ್ತು. ಇದಕ್ಕೆ ಪೂರಕ ಕೈಹಾಕುತ್ತಿರಲಿಲ್ಲ. ಹೇಳಿದ್ದು ಹೇಳಿದಂತೆ ಬರುತ್ತಿತ್ತು. ಕಸ್ತೂರಿ ಸಾಮಾನ್ಯವಾಗಿ ಮುಂಡರಗಿಯ ತಮ್ಮನಿಗೆ ಕಳಿಸುವವಳು, ಹಬ್ಬವೆಂದು ಈ ಸಲ ನೀಲಗಂಗಾಳಿಗೆ ಕಳಿಸಿದ್ದಳು. ಬೇವು ಬೆಲ್ಲದ ಬಟ್ಟಲು ಕೈಯಲ್ಲಿ ಹಿಡಿದೇ ನೀಲಗಂಗಾ ಅದನ್ನು ತೆರೆದಳು. ಹಿಂದೆ ಸಂಗವ್ವ ಬಂದು ನಿಂತಳು.

ಮೊದಲು ಮುಖ ನೋಡಿಯೇ ನೀಲಗಂಗಾ ಪರದೆಯನ್ನು ಹತ್ತಿರಕ್ಕೆ ಹಿಡಿದಳು. ಮಾಳಗಿಯ ಕಸ್ತೂರಿ ಹೊರಟ ದಿನದಂತೆಯೇ ದುಂಡುಮುಖದವಳು. ಇವಳ ಕೆನ್ನೆ ಒಳಗೆ ಹೋಗಿತ್ತು. ಕಣ್ಣ ಸುತ್ತ ಕಪ್ಪು. ಆದರೆ ನಗುತ್ತಿದ್ದಳು. ಬೆರಳುದ್ದ ಬೆಳೆದ ಮೆಂತ್ಯದ ತಟ್ಟೆಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದಳು.

“ನೀಲಾ, ಮತ್ತ ಬಿತ್ತೇನಿ ನೋಡು,” ಎಂದಳು. “ಆವತ್ತ ನೀ ನನ್ನ ಮಗ್ಗಲ ಕುಂತಿರಲಿಲ್ಲಂದ್ರ ನಾ ಈ ತೋಟದ ಬಾಗಲಾ ತಗೀತಿದ್ದಿಲ್ಲ. ಅಷ್ಟೊತ್ತು ಯಾರು ಕುಂದರ್ತಾರಲೇ? ನಾ ಅಳೋದು ನಿಲ್ಲೂತನಕ ಕುಂತಿದ್ದಿ. ಇದನ್ನ ಮಾಳಗ್ಯಾಗ ಹೇಳಾಕ ನಾಚಿಕಿ ಬಂತು. ಅದಕ್ಕ ಹಿಂಗ ಹೇಳಾಕತ್ತೇನಿ.”

ವೀಡಿಯೊ ಮುಗಿಯಿತು. ಸಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳ್ಳೆಯ ಕೆಲಸ ಮಾಡಿದೆ ಎಂದು ಸೊಸೆಯ ಬೆನ್ನು ಸವರಿದಳು. ನೀಲಗಂಗಾ ಬೇವು ಬೆಲ್ಲದ ಬಟ್ಟಲನ್ನು ಕೆಳಗಿಟ್ಟಳು. ಅವಳು ಯಾವ ದಿನವೂ ಹಾಗೆ ಕುಳಿತಿರಲಿಲ್ಲ. ಕಸ್ತೂರಿ ಅತ್ತದ್ದೇ ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಹಿರಿಯೂರಿನ ಬಸ್ಸು ಹತ್ತಿದಳು. ಫೋನಿನಲ್ಲಿ ಕೇಳುವ ವಿಷಯ ಅದಾಗಿರಲಿಲ್ಲ. ಖುರ್ಷಿದಾ ಗೇಟಿಗೆ ಬಂದು ಕರೆದುಕೊಂಡು ಹೋದಳು. ನಿಯಂತ್ರಣ ಕೊಠಡಿಯ ಪಕ್ಕದಲ್ಲೇ ಅವಳ ಪ್ರಯೋಗಾಲಯ. ಗಾಜಿನಾಚೆ ನಾಲ್ಕಾರು ಜನ ಪರದೆಗಳ ಮುಂದೆ ಕುಳಿತು ನೌಕೆಯ ಉಸಿರಾಟ ನೋಡುತ್ತಿದ್ದರು. ವೀಡಿಯೊ ನೋಡಿದ ಖುರ್ಷಿದಾ ಆ ಭಾನುವಾರದ ಪೂರಕದ ದಾಖಲೆಯನ್ನು ತೆಗೆದು ನೋಡಿದಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಬೂಷ್ಟಿನ ಆ ಭಾನುವಾರ ಇವರಿಬ್ಬರೂ ನಕ್ಕಿದ್ದು ಬದಲಿ ಕಸ್ತೂರಿಯ ಹಾಸ್ಯಕ್ಕೆ. ಹಿಂದೆಲ್ಲ ಏನೇ ಕೆಟ್ಟರೂ ಕಸ್ತೂರಿ ಹಾಸ್ಯ ಮಾಡಿಯೇ ಮುಗಿಸುತ್ತಿದ್ದಳು, ಪೂರಕ ಅದನ್ನೇ ಕಲಿತಿತ್ತು. ಅದೇ ಹೊತ್ತಿಗೆ ನೌಕೆಯಲ್ಲಿ ನಿಜವಾದ ಕಸ್ತೂರಿ ಬದಲಿ ನೀಲಗಂಗಾಳ ಮುಂದೆ ಕುಸಿದು ಕುಳಿತಿದ್ದಳು. ಆ ಅಳು ಆರು ನಿಮಿಷ ದಾಟಿ ಭೂಮಿಗೆ ಬರುವಷ್ಟರಲ್ಲಿ ನೀಲಗಂಗಾ ಎದ್ದುಹೋಗಿದ್ದಳು, ಅವಳ ಹಿಂದೆಯೇ ಖುರ್ಷಿದಾಳೂ. ಎದ್ದುಹೋದವರಿಗೆ ಒಂದು ಸಾಲಿನ ಸಾರಾಂಶ ಕಳಿಸುವುದು ಪೂರಕದ ಪದ್ಧತಿ. ದುಃಖದಲ್ಲಿರುವವರನ್ನು ಬಿಟ್ಟು ಬದಲಿಗಳು ಏಳಬಾರದೆಂಬುದು ವೈದ್ಯರು ಹಾಕಿಕೊಟ್ಟ ನಿಯಮ. ಹಾಗಾಗಿ ಅಲ್ಲಿ ಬದಲಿ ನೀಲಗಂಗಾ ಕುಳಿತೇ ಇದ್ದಳು.

ಅಲ್ಲಿ ಏನು ಮಾತಾಯಿತು ಎಂದು ನೀಲಗಂಗಾ ಕೇಳಿದಳು. ಕಸ್ತೂರಿಯ ಮಾತನ್ನು ಅವಳ ಒಪ್ಪಿಗೆಯಿಲ್ಲದೆ ಕೇಳಿಸುವಂತಿರಲಿಲ್ಲ. ಆದರೆ ಬದಲಿ ನೀಲಗಂಗಾಳ ಮಾತು ನೀಲಗಂಗಾಳದೇ ಸೊತ್ತು. ಖುರ್ಷಿದಾ ಅದನ್ನಷ್ಟೇ ಹಚ್ಚಿದಳು.

ತನ್ನದೇ ದನಿ. ತಾನು ಆಡದ ಮಾತು. ನಡುನಡುವೆ ಉದ್ದುದ್ದ ಮೌನ.

“ಬಾ, ಇಲ್ಲೆ ಕುಂದ್ರು... ಹೂಂ... ಅಳು. ಯಾರೂ ಏನೂ ಅನ್ನೂದಿಲ್ಲ... ಬೀಜ ಇನ್ನೂ ಅದಾವಲ್ಲ. ಇವತ್ತ ಬ್ಯಾಡ, ನಾಳೆನೂ ಬ್ಯಾಡ. ಮನಸ್ಸು ಬಂದ ದಿನ ಒಂದ ಹಿಡಿ ಬಿತ್ತು. ಅಲ್ಲೀತನಕ ನಾ ಇಲ್ಲೇ ಕುಂತಿರ್ತೇನಿ.”

ನೀಲಗಂಗಾ ತಲೆ ತಗ್ಗಿಸಿ ಪೂರ್ತಿ ಕೇಳಿದಳು. ಹೊಟ್ಟೆಕಿಚ್ಚೋ ನಾಚಿಕೆಯೋ, ಏನೆಂದು ಅವಳಿಗೇ ತಿಳಿಯದ ಒಂದು ಸಂಕಟ. ತಾನಾಗಿದ್ದರೆ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನೇ ಖುರ್ಷಿದಾಳಿಗೆ ಹೇಳಿದಳು. ಅದು ಕಲಿತದ್ದು ನಿನ್ನಿಂದಲೇ, ಮೆಸ್ಸಿನ ಊಟ ಬಿಟ್ಟು ನನ್ನ ಜ್ವರಕ್ಕೆ ಕಾವಲು ಕುಳಿತವಳು ನೀನೇ ಅಲ್ಲವೇ ಎಂದಳು ಖುರ್ಷಿದಾ. ಅದು ನಿಜವಿದ್ದರೂ ಆ ದಿನ ಕುಳಿತದ್ದು ನಾನಲ್ಲ, ಕಸ್ತೂರಿಗೆ ಹೇಳಲೇಬೇಕು ಎಂದಳು ನೀಲಗಂಗಾ.

ಇಲ್ಲಿ ಇಬ್ಬರಿಗೂ ಮಾತು ಬೆಳೆಯಿತು. ಖುರ್ಷಿದಾಳ ಹೆದರಿಕೆ ಸುಳ್ಳಲ್ಲ. ಮಂಗಳ ತಲುಪಲು ಇನ್ನೂ ತಿಂಗಳುಗಳಿದ್ದವು. ಕಸ್ತೂರಿ ಆ ಮಾತನ್ನು ನೆಚ್ಚಿಯೇ ಎದ್ದು ನಿಂತಿದ್ದಳು. ಅದನ್ನು ಕಾಲ ಕೆಳಗಿನಿಂದ ಎಳೆದರೆ?

“ಆಕಿ ಮತ್ತ ಬಾಗಲಾ ಹಾಕ್ಕೊಂಡ್ರ ಯಾರು ಹೋಗಿ ತಗಸ್ತಾರ ನೀಲಾ? ನೀನೇನು ನಾನೇನು ಹೋಗಾಕ ಆಗ್ತೈತೇನು?”

ನೀಲಗಂಗಾ ಬೇರೆಯದೇ ಕೇಳಿದಳು. “ಖುರ್ಷಿ, ಈ ನಾಲ್ಕು ತಿಂಗಳಾಗ ಕಸ್ತೂರಿ ಒಮ್ಮೆರ ನಿನ್ನ ಮ್ಯಾಲೆ ಸಿಟ್ಟಾಗ್ಯಾಳೇನು?”

ಖುರ್ಷಿದಾ ಯೋಚಿಸಿದಳು. ನಿಜವಾದ ಕಸ್ತೂರಿ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವಳು. ಕೋಲಾಟದಲ್ಲಿ ಹೆಜ್ಜೆ ತಪ್ಪಿದರೆ ಕೋಲೆಸೆದು ಹೋಗುವವಳು, ಮತ್ತೆ ತಾನೇ ಬಂದು ಕೋಲೆತ್ತಿಕೊಳ್ಳುವವಳು. ಮಾಳಗಿಯ ಭಾನುವಾರಗಳನ್ನು ಹಿತವಾಗಿಡಲೆಂದು ಪೂರಕದಲ್ಲಿ ಅವಳ ಸಿಟ್ಟನ್ನು ಸ್ವಲ್ಪ ಕಡಿಮೆ ಮಾಡಿದವಳು ಸ್ವತಃ ಖುರ್ಷಿದಾ. ಅವಳ ಕಣ್ಣು ತುಂಬಿತು. “ಇಲ್ಲ,” ಎಂದಳು. “ಆಕಿ ಸಿಟ್ಟು ನೋಡಿ ಭಾಳ ದಿನಾ ಆತು.”

ಮಧ್ಯಾಹ್ನ ಇಬ್ಬರೂ ಕೇಂದ್ರದ ಮುಖ್ಯಸ್ಥ ಡಾ. ಪದ್ಮರಾಜರ ಬಳಿ ಹೋದರು. ಅವರು ಮೊದಲು ಒಪ್ಪಲಿಲ್ಲ. ನೌಕೆ ಇಳಿದ ಮೇಲೆ ಹೇಳಿದರಾಯಿತು ಎಂದರು. ನೌಕೆಯವರ ಆರೋಗ್ಯ ನೋಡುವ ವೈದ್ಯೆಯನ್ನು ಕರೆಸಿ ಕೇಳಿದರು. ಆಕೆ ಯೋಚಿಸಿ, ಕಸ್ತೂರಿಯ ತೂಕ ಇಳಿಯುತ್ತಲೇ ಇದೆ, ಪೂರಕದಿಂದ ಎಲ್ಲ ಸರಿಹೋಗಿದೆ ಎಂದು ನಾನೂ ಹೇಳಲಾರೆ ಎಂದರು. ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಹೇಳುವುದನ್ನು ನೇರವಾಗಿ ವೀಡಿಯೊದಲ್ಲಿ ಹೇಳಬೇಕು, ವಾರಕ್ಕೊಮ್ಮೆ ಎಂಬ ಮಿತಿ ಇದಕ್ಕಿಲ್ಲ. ಪೂರಕ ಇರಬೇಕೋ ಬೇಡವೋ ಎಂಬುದನ್ನು ಕಸ್ತೂರಿಯೇ ನಿರ್ಧರಿಸಬೇಕು.

ಖುರ್ಷಿದಾಳ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಕುಳಿತು ನೀಲಗಂಗಾ ಮಾತಾಡಿದಳು. ಸುತ್ತಿಬಳಸಲಿಲ್ಲ. ಆ ದಿನ ನಿನ್ನ ಮಗ್ಗುಲಲ್ಲಿ ಇದ್ದದ್ದು ಬದಲಿ, ನಾನು ಪೇಪರು ತಿದ್ದುತ್ತಿದ್ದೆ, ನೀನು ಅತ್ತದ್ದು ನಿನ್ನೆಯವರೆಗೆ ನನಗೆ ಗೊತ್ತಿರಲಿಲ್ಲ ಎಂದಳು. ಹೇಳಿ ಮುಗಿಸಿದ ಮೇಲೆ ಖುರ್ಷಿದಾ ತಾನೂ ಮುಂದೆ ಬಂದು, ನಿನ್ನ ಸಿಟ್ಟನ್ನು ಕಡಿಮೆ ಮಾಡಿದವಳು ನಾನು ಎಂದು ಹೇಳಿದಳು.

ಉತ್ತರ ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ನೀಲಗಂಗಾ ಬೆಟಗೇರಿಗೆ ಮರಳಿ ತರಗತಿಗೆ ಹೋದಳು, ಹಲಗೆಯ ಮೇಲೆ ಲೆಕ್ಕ ಬರೆದು ನಡುವೆ ನಿಂತುಬಿಡುತ್ತಿದ್ದಳು. ಭಾನುವಾರ ಬಂತು. ಸಂಗವ್ವ ಕೊಡ ಸರಿಸಿ ಜಾಗ ಮಾಡಿದಳು. ಮಾಳಗಿಯಲ್ಲಿ ಬದಲಿ ಕಸ್ತೂರಿ ದುಂಡುಮುಖದಲ್ಲಿ ನಗುತ್ತ ಕಾಯುತ್ತಿರುತ್ತಾಳೆಂದು ನೀಲಗಂಗಾಳಿಗೆ ಗೊತ್ತಿತ್ತು. ಕನ್ನಡಕ ಕೈಗೆ ತೆಗೆದುಕೊಂಡವಳು ಹಾಕಿಕೊಳ್ಳಲಿಲ್ಲ. ಯಾಕೆ ಎಂದು ಅತ್ತೆ ಕೇಳಿದಾಗ ಎಲ್ಲ ಹೇಳಿದಳು. ಸಂಗವ್ವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹಾಗಾದರೆ ಇಷ್ಟು ದಿನ ಕಸ್ತೂರಿ ‘ಉಂಡಳೇನು’ ಎಂದು ನಾನು ಕೇಳಿದ್ದಕ್ಕೆ ‘ಉಂಡೆ’ ಎಂದವಳು ಯಾರು ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಬುಧವಾರ ಸಂಜೆ ಕಸ್ತೂರಿಯ ವೀಡಿಯೊ ಬಂತು. ಮುಖ ಗಂಟಿಕ್ಕಿತ್ತು.

“ನಾ ಯಾರ ಮುಂದೂ ಅಳೂದಿಲ್ಲ ಅನ್ನೂದು ನಿಮಗಿಬ್ಬರಿಗೂ ಗೊತ್ತೈತಿ. ಅತ್ತದ್ದು ಒಮ್ಮೆ. ಅದೂ ಒಂದ ಮಷೀನಿನ ಮುಂದ ಅಂತಾತು. ಇಷ್ಟೂ ದಿನಾ ನಿಮ್ಮ ಮಾರಿ ನೋಡಬಾರದು ಅನಿಸಿತ್ತು. ಖುರ್ಷಿ, ನನ್ನ ಸಿಟ್ಟು ತಗದು ಎಲ್ಲಿಟ್ಟೀಯಲೇ? ಬಂದ ಮ್ಯಾಲೆ ಎಲ್ಲಾ ಕೂಡಿಸಿ ಕೊಡತೇನಿ ತಗೋ.” ಹಿಂದೆ ತಿರುಗಿ ಮೆಂತ್ಯದ ತಟ್ಟೆಯನ್ನು ಸರಿಸಿಟ್ಟಳು. “ನೀಲಾ, ಆವತ್ತ ಹೇಳಿದ್ದು ಮತ್ತ ಹೇಳತೇನಿ. ಈ ಸಲ ನೀ ಕೇಳು. ಆಮ್ಯಾಲ ನೀ ಏನ ಹೇಳತೀ, ಅದನ್ನ ಹೇಳು.”

ಹಾಗೆಂದು ಅವಳು ಹೇಳತೊಡಗಿದಳು. ತೋಟದ ಹಸಿರನ್ನು ನೋಡಲು ನೌಕೆಯವರೆಲ್ಲ ದಿನಕ್ಕೊಮ್ಮೆ ಬಂದು ನಿಲ್ಲುತ್ತಿದ್ದರಂತೆ. ಒಬ್ಬ ಸಹಯಾತ್ರಿ ಕೊತ್ತಂಬರಿ ಎಲೆ ಕೀಳುವುದಿಲ್ಲ, ಬರೀ ಮೂಸಿ ಹೋಗುತ್ತೇನೆ ಎಂದು ಅಪ್ಪಣೆ ಕೇಳುತ್ತಿದ್ದನಂತೆ. ಬೂಷ್ಟಿನ ಮೊದಲ ಚುಕ್ಕೆ ಕಂಡಾಗ ಅವಳು ಒಂದು ದಿನ ಯಾರಿಗೂ ಹೇಳದೆ ತಾನೇ ವಾಸಿ ಮಾಡಲು ನೋಡಿದ್ದಳು. ಆ ಒಂದು ದಿನದಲ್ಲಿ ಅದು ಎಲ್ಲ ತಟ್ಟೆಗಳಿಗೂ ಹಬ್ಬಿತ್ತು. ಯಾರೂ ಅವಳನ್ನು ಬೈಯಲಿಲ್ಲ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದಳು. ಖಾಲಿ ತಟ್ಟೆಗಳ ಮುಂದೆ ಬಂದು ಸುಮ್ಮನೆ ನಿಂತು ಹೋಗುತ್ತಿದ್ದರಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ.

ನೀಲಗಂಗಾ ಅದನ್ನು ಎರಡು ಸಲ ಕೇಳಿದಳು. ಆಮೇಲೆ ಉತ್ತರ ಹೇಳಲು ಕುಳಿತಳು. ಬದಲಿ ಆಡಿದ ಚೆಂದದ ಮಾತುಗಳು ತಲೆಯಲ್ಲಿ ಸುತ್ತುತ್ತಿದ್ದವು, ಅವನ್ನು ಹೇಳಬಾರದೆಂದು ಗಟ್ಟಿಮಾಡಿಕೊಂಡಿದ್ದಳು. ಉಳಿದದ್ದು ಬಹಳ ಸ್ವಲ್ಪ.

“ನನಗ ಏನ ಹೇಳಬೇಕಂತ ತಿಳಿವಲ್ದು ಕಸ್ತೂರಿ. ನಿನ್ನ ತಪ್ಪಲ್ಲ ಅಂತ ಹೇಳಿಬಿಡಬಹುದು. ಆದ್ರ ನೀ ಒಂದಿನಾ ಮುಚ್ಚಿಟ್ಟೀ ಅಂತ ನೀನ ಹೇಳಾಕತ್ತೀ. ಹಂಗಾದ್ರ ಅಷ್ಟು ತಪ್ಪು ನಿಂದೈತಿ. ಇರಲಿ ಬಿಡು. ತಪ್ಪು ಮಾಡಿದಾಕಿನ್ನ ಬಿಡಾಕ ಆಗ್ತೈತೇನು? ಪರೀಕ್ಷಾದಾಗ ನಿನ್ನ ಗ್ರಾಫ್ ತಪ್ಪಿದಾಗೂ ಬಿಟ್ಟಿಲ್ಲ ನಾ...”

ಇಷ್ಟಾಗುವಾಗ ಅವಳಿಗೆ ಅಳು ಬಂತು. ಅದೇ ಹೊತ್ತಿಗೆ ಹಿಂದೆ ಕುಕ್ಕರು ಜೋರಾಗಿ ಸೀಟಿ ಹೊಡೆಯಿತು. ಸಂಗವ್ವ ಒಳಗಿನಿಂದ ಬ್ಯಾಳಿ ಹೊತ್ತಿತು, ಯಾರಾದರೂ ನೋಡಿರಿ ಎಂದು ಕೂಗಿದಳು. ನೀಲಗಂಗಾ ಮೂಗು ಒರೆಸಿಕೊಂಡು, ಇಷ್ಟೇ ನೋಡವ್ವ, ಮತ್ತೆ ಹೇಳುತ್ತೇನೆ ಎಂದು ನಿಲ್ಲಿಸಿ ಹಾಗೆಯೇ ಕಳಿಸಿಬಿಟ್ಟಳು.

ಈ ಸಲ ಉತ್ತರ ತಡವಾಗಲಿಲ್ಲ. ಹೋಗಲು ಆರು, ಬರಲು ಆರು, ನಡುವೆ ಒಂದಿಷ್ಟು. ಕಸ್ತೂರಿಗೆ ನಗು ತಡೆಯಲಾಗುತ್ತಿರಲಿಲ್ಲ. ಬದಲಿ ನಿನಗಿಂತ ಬಹಳ ಚೆನ್ನಾಗಿ ಮಾತಾಡಿತ್ತು, ನಿಜ ಹೇಳುತ್ತೇನೆ ಎಂದಳು. “ಆದ್ರ ಅದರ ಹಿಂದ ಕುಕ್ಕರ್ ಸೀಟಿ ಹೊಡೀಲಿಲ್ಲ ನೋಡು.” ಆಮೇಲೆ ನಗು ನಿಲ್ಲಿಸಿ, ಪೂರಕವನ್ನು ತೆಗೆದುಬಿಡಿ ಎಂದಳು. ಖುರ್ಷಿದಾಳಿಗೆ ಬೇರೆಯಾಗಿ ಒಂದು ಮಾತು ಕಳಿಸಿದ್ದಳು. ನೀನು ನಮ್ಮ ಮೇಲಿನ ಪ್ರೀತಿಗೇ ಅದನ್ನು ಮಾಡಿದ್ದು, ನೌಕೆಯ ಉಳಿದವರಿಗೆ ಬೇಕಿದ್ದರೆ ಇಟ್ಟುಕೊಳ್ಳಲಿ, ನನಗೆ ನೀವಿಬ್ಬರೂ ತಡವಾಗಿ ಬಂದರೂ ಸಾಕು.

ಪೂರಕವಿಲ್ಲದ ಮೊದಲ ಭಾನುವಾರ ಅಷ್ಟೇನೂ ಚೆನ್ನಾಗಿರಲಿಲ್ಲ. ಮಾಳಗಿ ಬಿಕೋ ಎನ್ನುತ್ತಿತ್ತು. ನೀಲಗಂಗಾ ಮತ್ತು ಖುರ್ಷಿದಾ ತಂತಿಯ ಕೆಳಗೆ ಕುಳಿತು ಕಾದರು. ಸ್ವಲ್ಪ ಹೊತ್ತಿಗೆ ಕಸ್ತೂರಿ ಬಂದಳು, ಒಳಹೋದ ಕೆನ್ನೆಯ ಕಸ್ತೂರಿ, ಆರು ನಿಮಿಷದ ಹಿಂದಿನವಳು. ಅವಳೂ ಖಾಲಿ ಮಾಳಗಿಯಲ್ಲಿ ನಿಂತು ಮಾತಾಡಿದ್ದಳು. ಇವರಿರುವ ದಿಕ್ಕಿಗೆ ನೋಡದೆ ಟಾಕಿಯ ಕಡೆ ತಿರುಗಿ ಹೇಗಿದ್ದೀರಿ ಎಂದಳು. ಇವರು ಹೇಳಿದ್ದು ಅವಳಿಗೆ ಮುಟ್ಟಿ, ಅವಳ ಉತ್ತರ ಬರುವಷ್ಟರಲ್ಲಿ ನೀಲಗಂಗಾ ಎದ್ದು ಹೋಗಿ ಅನ್ನಕ್ಕೆ ಎಸರಿಟ್ಟು ಬಂದಿದ್ದಳು. ಬದಲಿಯೇ ವಾಸಿಯಿತ್ತೇನೋ ಎಂದು ಒಂದು ಗಳಿಗೆ ಇಬ್ಬರಿಗೂ ಅನ್ನಿಸಿತು.

ಮುಂದಿನ ವಾರ ಉಪಾಯ ತಂದವಳು ಕಸ್ತೂರಿಯೇ. ಕೋಲು ತೆಗೆದುಕೊಳ್ಳಿ ಎಂದು ಮೊದಲೇ ಹೇಳಿ ಕಳಿಸಿದ್ದಳು. ತಾನು ಹಾಡು ಹಚ್ಚಿಕೊಂಡು ಒಬ್ಬಳೇ ಆಡುತ್ತೇನೆ, ಎದುರಿಗೆ ನೀವಿದ್ದೀರೆಂದು ತಿಳಿದು ಕೋಲು ಬೀಸುತ್ತೇನೆ. ಅದು ನಿಮಗೆ ಬಂದು ಮುಟ್ಟಿದಾಗ ಹಾಡೂ ಜೊತೆಗೇ ಬರುತ್ತದೆ, ನೀವು ಅದಕ್ಕೆ ಸರಿಯಾಗಿ ಆಡಿ. ಆದರೆ ಮೂವರಂತೆ ಆಡಬೇಡಿ, ನಾಲ್ವರಂತೆ ಆಡಿ, ಒಂದು ಜಾಗ ಖಾಲಿ ಬಿಡಿ. ಖಾಲಿ ಬಿಟ್ಟ ಕಡೆಗೂ ಕೋಲು ಬೀಸಿ. ಯಾಕೆಂದು ಹೇಳಿರಲಿಲ್ಲ.

ಸಂಗವ್ವ ಸ್ಟೂಲು ತೆಗೆದು ಗೋಡೆಗೆ ಒರಗಿ ಕುಳಿತಳು. ಹಾಡು ಬಂತು. ಕಸ್ತೂರಿ ಬಂದಳು. ಅವಳು ಗಾಳಿಗೆ ಬೀಸಿದ ಕೋಲಿಗೆ ನೀಲಗಂಗಾ ತನ್ನ ಕೋಲು ಕೊಟ್ಟಳು. ಟಕ್ ಎಂದಿತು. ಅಂಗೈ ಝುಮ್ಮೆಂದಿತು. ಆರು ನಿಮಿಷ ಹಳೆಯ ಪೆಟ್ಟು, ಆದರೆ ಕಸ್ತೂರಿಯದೇ ಕೈ. ಎರಡನೆಯ ಸುತ್ತಿನಲ್ಲಿ ಅವಳು ಗಡಿಬಿಡಿಯಿಂದ ಒಂದು ಹೆಜ್ಜೆ ಮುಂದೆ ಬಂದುಬಿಟ್ಟಳು. ಬದಲಿ ಹಾಗೆ ತಪ್ಪುತ್ತಿರಲಿಲ್ಲ. ನೀಲಗಂಗಾ ನಗುತ್ತಲೇ ಹಿಂದೆ ಸರಿದು ಜಾಗ ಕೊಟ್ಟಳು. ನಾಲ್ಕನೆಯ ಜಾಗಕ್ಕೆ ಬೀಸಿದಾಗೆಲ್ಲ ಕೋಲು ಬರೀ ಗಾಳಿಯನ್ನು ಸೀಳಿತು. ಆದರೂ ಇಬ್ಬರೂ ಬೀಸಿದರು.

ಹಾಡು ಮುಗಿಯಿತು. ಇಬ್ಬರೂ ಏದುಸಿರು ಬಿಡುತ್ತ ಕುಳಿತರು. ಇವರು ಆಡಿದ್ದು ಈಗ ನೌಕೆಯ ಕಡೆಗೆ ಹೋಗುತ್ತಿತ್ತು. ಖುರ್ಷಿದಾಳಿಗೆ ಆಗ ಹೊಳೆಯಿತು. ಅವಳು ನೀಲಗಂಗಾಳ ತೋಳು ಹಿಡಿದು, ತಾಳು, ಈಗ ನೋಡು ಎಂದಳು.

ಹೋಗಿ ಬರುವ ಹನ್ನೆರಡು ನಿಮಿಷ ಕಳೆದು ಮತ್ತೆ ಹಾಡು ಬಂತು. ಮಾಳಗಿಯ ಮೇಲೆ ನೀಲಗಂಗಾ, ಖುರ್ಷಿದಾ, ಕಸ್ತೂರಿ ಆಗ ಆಡಿದಂತೆಯೇ ಆಡುತ್ತಿದ್ದರು. ನಾಲ್ಕನೆಯ ಜಾಗದಲ್ಲಿ ಇನ್ನೊಬ್ಬಳು ಕಸ್ತೂರಿ ಇದ್ದಳು. ಇವರ ಆಟ ತನಗೆ ಬಂದು ಮುಟ್ಟಿದಾಗ ಅವಳು ಎದ್ದು ಒಳಗೆ ಸೇರಿಕೊಂಡಿದ್ದಳು. ಇವರು ಗಾಳಿಗೆ ಬೀಸಿದ್ದ ಪ್ರತಿಯೊಂದು ಕೋಲಿಗೂ ಅವಳ ಕೋಲು ಬಂದು ತಾಗುತ್ತಿತ್ತು. ಎದುರಿಗೆ ಬಂದ ತನ್ನದೇ ಹಳೆಯ ರೂಪದ ಕೋಲಿಗೂ ಒಂದು ಪೆಟ್ಟು ಕೊಟ್ಟು, ಗಡಿಬಿಡಿ ಮಾಡಬ್ಯಾಡ ಎಂದು ಅದನ್ನು ಬೈದಳು. ಕೆನ್ನೆ ಒಳಗೆ ಹೋಗಿದ್ದರೂ ಮುಖ ಬೆವೆತು ಹೊಳೆಯುತ್ತಿತ್ತು. ಅವಳ ಹಿಂದೆ ಯಾರೋ ಸಹಯಾತ್ರಿಗಳು ಚಪ್ಪಾಳೆ ತಟ್ಟುವ ಸದ್ದು ಕೇಳಿಸಿತು. ನೀಲಗಂಗಾ ಕನ್ನಡಕದೊಳಗೇ ಕಣ್ಣು ಒದ್ದೆ ಮಾಡಿಕೊಂಡು ನೋಡುತ್ತ ನಿಂತಳು. ಕೋಲು ತಾಗಿದಾಗೆಲ್ಲ ಗವಸು ಅವಳ ಅಂಗೈ ಒತ್ತುತ್ತಿತ್ತು.

ಆಮೇಲೆ ಆ ಆಟ ನಿಲ್ಲಲಿಲ್ಲ. ನೌಕೆ ದೂರವಾದಂತೆ ಆರು ನಿಮಿಷ ಎಂಟಾಯಿತು, ಹನ್ನೊಂದಾಯಿತು. ಕಾಯುವ ಹೊತ್ತಿನಲ್ಲಿ ನೀಲಗಂಗಾ ರೊಟ್ಟಿ ಬಡಿದಳು, ಖುರ್ಷಿದಾ ಬಟ್ಟೆ ಮಡಚಿದಳು, ನೌಕೆಯಲ್ಲಿ ಕಸ್ತೂರಿ ಮೆಂತ್ಯದ ತಟ್ಟೆಗೆ ನೀರು ಹನಿಸಿದಳು. ಮಾತಿನ ರೀತಿಯೂ ಬದಲಾಯಿತು. ಹೂಂ, ಹೌದೇನು ಎನ್ನುವುದೆಲ್ಲ ಹೋಗಿ, ಒಬ್ಬರು ಹೇಳುವುದನ್ನು ಪೂರ್ತಿ ಹೇಳಿ ಮುಗಿಸುವುದು, ಇನ್ನೊಬ್ಬರು ಪೂರ್ತಿ ಕೇಳುವುದು ರೂಢಿಯಾಯಿತು. ಕಸ್ತೂರಿಯ ತೂಕ ನಿಧಾನವಾಗಿ ಏರಿತು. ಸಿಟ್ಟೂ ಮರಳಿತು. ಒಂದು ಭಾನುವಾರ ಖುರ್ಷಿದಾ ಹೆಜ್ಜೆ ತಪ್ಪಿದ್ದಕ್ಕೆ ಕಸ್ತೂರಿ ಕೋಲೆಸೆದು ಹೋದಳು. ಖುರ್ಷಿದಾ ಆ ದಿನವೆಲ್ಲ ಖುಷಿಯಾಗಿದ್ದಳು.

ಮಂಗಳಕ್ಕೆ ಇಳಿಯುವ ಹಿಂದಿನ ಭಾನುವಾರ ನಾಲ್ಕು ಸುತ್ತು ಆಡಿದರು. ಎಲ್ಲರಿಗೂ ಸಾಕಾಗಿತ್ತು. ಮರುದಿನದಿಂದ ಕಸ್ತೂರಿಗೆ ಬಿಡುವಿಲ್ಲ, ಮುಂದೆ ಯಾವಾಗ ಆಡುವುದೋ ಯಾರಿಗೂ ತಿಳಿಯದು. ನೌಕೆಯಲ್ಲಿ ಅವಳು ಕೋಲು ಕೆಳಗಿಟ್ಟು, ಮುಖ ಒರೆಸಿಕೊಂಡು, ಇನ್ನೊಂದು ಸುತ್ತು ಆಡೋಣವೇನು ಎಂದು ಕೇಳಿದಳು.

ಆ ಪ್ರಶ್ನೆ ಇನ್ನೂ ಹಾದಿಯಲ್ಲಿರುವಾಗಲೇ ನೀಲಗಂಗಾ ಮತ್ತು ಖುರ್ಷಿದಾ ಎದ್ದು, ಹಾಡು ಹಚ್ಚಿ, ಅವಳಿಗೆ ಜಾಗ ಬಿಟ್ಟು ಆಡತೊಡಗಿದ್ದರು.